ಉಜ್ಜಿ ಹಳೇದು ಮಾಡಿದ ಗಿಟಾರು

ಹೋದ ವರ್ಷ ಗವಿಪುರಂನ ನಮ್ಮ ಬೀದಿಯಲ್ಲಿ ಒಂದೇ ವಾರದಲ್ಲಿ ಎರಡು ಗಿಟಾರುಗಳು ಮನೆ ಬದಲಾಯಿಸಿದವು. ಒಂದು ಬಂತು, ಒಂದು ಹೋಯಿತು.

ಬಂದದ್ದು ಅಮೆರಿಕದಿಂದ. ಎದುರುಮನೆ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಒಳ್ಳೆಯವನು, ಸಾಫ್ಟ್‌ವೇರ್ ಕೆಲಸ. ನಾನೂ ಮೂವತ್ತು ವರ್ಷದಿಂದ ತಂತಿ ಮೀಟುತ್ತಿರುವವನು ಅಂತ ಅವನಿಗೆ ಗೊತ್ತು. "ಅಂಕಲ್, ಒಂದು ನಿಮಿಷ ಬನ್ನಿ, ಗಿಟಾರ್ ಬಂದಿದೆ" ಅಂತ ಕರೆದ. ಹೋದೆ. ಪೆಟ್ಟಿಗೆ ತೆಗೆದ. ಮೊಣಕೈ ಊರುವ ಕಡೆ ಬಣ್ಣ ಕಿತ್ತುಹೋಗಿ ಮರ ಕಾಣುತ್ತಿತ್ತು. ತಿರುಪುಗಳಿಗೆ ತುಕ್ಕು. ಮೈತುಂಬ ಕೂದಲೆಳೆಯಂಥ ಬಿರುಕು. ನನಗೆ ಅಯ್ಯೋ ಅನಿಸಿತು. "ಯಾವ ಕಾಲದ್ದಪ್ಪಾ ಇದು? ಬರ್ತಾ ದಾರೀಲಿ ಏಟು ಬಿತ್ತಾ?" ಅಂದೆ.

"ಇಲ್ಲ ಅಂಕಲ್, ಹೊಸದು. ರೆಲಿಕ್ ಅಂತಾರೆ. ಫ್ಯಾಕ್ಟರೀಲೇ ಹೀಗೆ ಮಾಡಿ ಕೊಡ್ತಾರೆ."

"ಹೀಗಿರೋದಕ್ಕೆ ಸ್ವಲ್ಪ ಕಮ್ಮಿಗೆ ಕೊಟ್ರಾ?"

"ಇಲ್ಲ, ಇದಕ್ಕೇ ಜಾಸ್ತಿ."

ಎಷ್ಟು ಅಂತಲೂ ಹೇಳಿದ. ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿತ್ತು.

ಹೋದದ್ದು ಮೇಷ್ಟ್ರ ಗಿಟಾರು. ಮೇಷ್ಟ್ರು ಅಂದರೆ ಸ್ಕೂಲ್ ಮೇಷ್ಟ್ರಲ್ಲ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವರು, ಬೀದಿಯ ನಾಲ್ಕಾರು ಹುಡುಗರಿಗೆ ಕೈ ಇಡೋದು ಕಲಿಸಿದವರು, ಹಾಗಾಗಿ ಮೇಷ್ಟ್ರು. ಗಣೇಶೋತ್ಸವ, ಅಣ್ಣಮ್ಮ ದೇವಿ ಉತ್ಸವ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಪೋಸ್ಟರಿನಲ್ಲಿ "ಸಂಗೀತ ರಸಮಂಜರಿ" ಅಂತ ಇದ್ದ ಕಡೆಯೆಲ್ಲ ಅವರಿದ್ದರು. ಹನುಮಂತನಗರದಲ್ಲಿ ರಾತ್ರಿ ಹನ್ನೊಂದಕ್ಕೆ ಮುಗಿಸಿ, ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ನಡೆದೇ ಬರುತ್ತಿದ್ದರು. ಅವರು ಹೋಗಿ ಎರಡು ವರ್ಷ. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಾರೆ ಅಂತಾದಾಗ ಅಟ್ಟ ಖಾಲಿ ಮಾಡಿದರು. ಹಿತ್ತಾಳೆ ಪಾತ್ರೆ ಒಂದು ಕಡೆ, ಹಳೇ ಪೇಪರ್ ಒಂದು ಕಡೆ, ಗಿಟಾರು ಮುರಿದ ಕುರ್ಚಿಗಳ ಜೊತೆ. ಗುಜರಿಯವನು ಗಾಡಿ ತಂದ, ತೂಗಿದ, ಹೋದ.

ಕಲ್ಕತ್ತಾದಲ್ಲಿ ತಯಾರಾದ ಗಿಟಾರು ಅದು. ಮೊಣಕೈ ಊರುವ ಕಡೆ ಬಣ್ಣ ಕಿತ್ತುಹೋಗಿತ್ತು. ತಿರುಪುಗಳಿಗೆ ತುಕ್ಕು.

ಈಗ ನೀವೇ ಹೇಳಿ ಸ್ವಾಮಿ, ಇದಕ್ಕೆ ಏನನ್ನೋಣ?

"ವಿಂಟೇಜ್" ಅನ್ನೋ ಪದ ಗಿಟಾರ್ ಹುಚ್ಚಿನವರ ನಡುವೆ ಈಗ ಮಂತ್ರದ ಹಾಗೆ. ವಿಂಟೇಜ್ ಟೋನ್, ವಿಂಟೇಜ್ ವೈರಿಂಗ್, ವಿಂಟೇಜ್ ಬಣ್ಣ. ನನ್ನ ತಕರಾರು ಹಳೇ ಗಿಟಾರಿನ ಮೇಲಲ್ಲ. ಹಳೇದು ಬೇಕು ಅಂತ ಬಾಯಲ್ಲಿ ಹೇಳುತ್ತಾ, ಹಳೇದರ ವೇಷ ಹಾಕಿದ ಹೊಸದನ್ನು ಕೊಳ್ಳುವ, ನಿಜವಾದ ಹಳೇದನ್ನು ತೂಕಕ್ಕೆ ಹಾಕುವ ನಮ್ಮ ಬುದ್ಧಿಯ ಮೇಲೆ. ವಿಂಟೇಜ್ ಅಂದರೆ ರಿಪೇರಿ. ಇದಿಷ್ಟೇ ನನ್ನ ವಾದ. ಐವತ್ತು ವರ್ಷ ರಿಪೇರಿ ಆಗುತ್ತಾ ಬಂದದ್ದು ಮಾತ್ರ ಐವತ್ತು ವರ್ಷ ಹಳೇದಾಗುತ್ತೆ. ಉಳಿದದ್ದೆಲ್ಲ ಗುಜರಿಗೆ ಹೋಗಿರುತ್ತೆ.

ಈ ಮಂತ್ರದ ಮೂಲಪುರುಷರನ್ನೇ ನೋಡಿ. ಲಿಯೋ ಫೆಂಡರ್ ಯಾರು? ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಅವನಿಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ನಮ್ಮ ಎಸ್.ಪಿ. ರೋಡಿನಲ್ಲಿ ಕಾವಿ ಹಿಡಿದು ಕೂತಿರುತ್ತಾರಲ್ಲ, ಅಂಥ ಒಬ್ಬ ಮನುಷ್ಯ. 1950ರಲ್ಲಿ ಅವನು ಮಾಡಿದ ಗಿಟಾರು, ಮುಂದೆ ಟೆಲಿಕ್ಯಾಸ್ಟರ್ ಅಂತ ಹೆಸರಾದದ್ದು, ರಿಪೇರಿಯವನ ತಲೆಯಿಂದ ಹುಟ್ಟಿದ ವಸ್ತು. ಅದುವರೆಗೆ ಒಳ್ಳೆ ಗಿಟಾರಿನ ಕತ್ತನ್ನು ಮೈಗೆ ಅಂಟಿನಲ್ಲಿ ಕೂರಿಸುತ್ತಿದ್ದರು. ಈತ ನಾಲ್ಕು ಸ್ಕ್ರೂ ಹಾಕಿದ. ಕತ್ತು ಸೊಟ್ಟಗಾಯಿತಾ? ಬಿಚ್ಚಿ, ಇನ್ನೊಂದು ಹಾಕಿ. 1954ರ ಸ್ಟ್ರಾಟೋಕ್ಯಾಸ್ಟರಿನಲ್ಲಿ ವೈರಿಂಗ್ ಪೂರಾ ಒಂದು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತಿದೆ. ತಂತಿ ಸಡಿಲಿಸಿ, ಸ್ಕ್ರೂ ತೆಗೆದು ತಟ್ಟೆ ಎತ್ತಿದರೆ ಕೆಲಸ ಕೈಗೆ ಸಿಗುತ್ತೆ. ಬಿಚ್ಚಬೇಡಿ, ಮುಟ್ಟಬೇಡಿ, "ಒರಿಜಿನಲ್" ಹಾಳಾಗುತ್ತೆ ಅಂತ ಈಗ ಪೂಜೆ ಮಾಡುತ್ತಿರೋದು ಬಿಚ್ಚೋಕೆ ಅಂತಲೇ ಮಾಡಿದ ಗಿಟಾರನ್ನು.

ಆಂಪ್ಲಿಫೈಯರ್ ಕಥೆ ಇನ್ನೂ ಚೆಂದ. ಜಿಮ್ ಮಾರ್ಷಲ್ ಅನ್ನೋ ಡ್ರಮ್ ಮೇಷ್ಟ್ರು ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ. ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ಅಲ್ಲಿಯ ಹುಡುಗರ ಕೈಗೆಟಕುತ್ತಿರಲಿಲ್ಲ. 1962ರಲ್ಲಿ ಅವನೂ ಅವನ ಅಂಗಡಿಯ ರಿಪೇರಿ ಹುಡುಗರೂ ಸೇರಿ ಫೆಂಡರ್ ಬ್ಯಾಸ್‌ಮನ್‌ನ ಸರ್ಕ್ಯೂಟನ್ನೇ ಇಟ್ಟುಕೊಂಡು ಒಂದನ್ನು ಕಟ್ಟಿದರು. ಅಮೆರಿಕದ ಟ್ರಾನ್ಸ್‌ಫಾರ್ಮರ್, ವಾಲ್ವ್, ಸ್ಪೀಕರ್ ಎಲ್ಲಿಂದ ತರೋದು? ತಮ್ಮೂರಲ್ಲಿ ಸಿಕ್ಕಿದ್ದನ್ನು ಹಾಕಿದರು. ಸದ್ದು ಬೇರೆಯಾಯಿತು. ಆ ಬೇರೆಯಾದ ಸದ್ದಿನಿಂದಲೇ ಮುಂದೆ ರಾಕ್ ಸಂಗೀತದ ಅರ್ಧ ಚರಿತ್ರೆ ಹುಟ್ಟಿತು. ಅವತ್ತು ಅವರು "ನಮಗೆ ಅಪ್ಪಟ ಒರಿಜಿನಲ್ ಬಿಡಿಭಾಗವೇ ಆಗಬೇಕು" ಅಂತ ಕೂತಿದ್ದರೆ ಮಾರ್ಷಲ್ ಅನ್ನೋದೇ ಇರುತ್ತಿರಲಿಲ್ಲ.

ಇನ್ನು ಈ ಉಜ್ಜಿ ಹಳೇದು ಮಾಡೋ ದಂಧೆ. ಇದನ್ನು ಫೆಂಡರ್‌ನ ಕಸ್ಟಮ್ ಶಾಪ್ 1995ರಲ್ಲಿ ದೊಡ್ಡದಾಗಿ ಮಾರುಕಟ್ಟೆಗೆ ತಂದಿತು, ಆಮೇಲೆ ಎಲ್ಲರೂ ಹಿಂದೆ ಬಿದ್ದರು. ಅದರಲ್ಲಿ ಕೈಚಳಕ ಇಲ್ಲ ಅಂತ ನಾನು ಹೇಳೋಲ್ಲ. ನೈಟ್ರೋಸೆಲ್ಯುಲೋಸ್ ಮೆರುಗನ್ನು ತೆಳುವಾಗಿ ಹೊಡೆದು, ಚಳಿ-ಬಿಸಿ ಕೊಟ್ಟು ಬಿರುಕು ಬರಿಸಿ, ಎಲ್ಲಿ ಕೈ ತಾಗುತ್ತೋ ಅಲ್ಲೇ ನೋಡಿ ಸವೆಸಬೇಕು. ಸುಲಭದ ಕೆಲಸ ಅಲ್ಲ. ಆದರೆ ನಾಟಕದವನು ಗಡ್ಡ ಅಂಟಿಸಿಕೊಂಡರೆ ಅವನಿಗೆ ವಯಸ್ಸಾಗುತ್ತಾ?

"ಅದು ನೋಡೋಕಲ್ಲ ಅಂಕಲ್, ಕತ್ತು ಕೈಗೆ ಎಷ್ಟು ಹಿತ ಗೊತ್ತಾ" ಅಂತ ನಮ್ಮ ಹುಡುಗ ವಾದ ಮಾಡಿದ. ಒಪ್ಪಿದೆ, ನಿಜ. ಹೊಸ ಗಿಟಾರಿನ ಕತ್ತಿನ ಮೇಲಿನ ದಪ್ಪ ಮೆರುಗು ಬೆವರಿದ ಕೈಗೆ ಅಂಟುತ್ತೆ, ಬೆರಳಹಲಗೆಯ ಅಂಚು ಚೂಪಾಗಿರುತ್ತೆ. ಆದರೆ ಅದಕ್ಕೆ ಎರಡು ಸಂಜೆ, ನುಣ್ಣನೆ ಸ್ಯಾಂಡ್‌ಪೇಪರ್, ಸ್ವಲ್ಪ ತಾಳ್ಮೆ ಸಾಕು. ಇಲ್ಲವೇ ದಿನಕ್ಕೆ ಒಂದು ಗಂಟೆಯಂತೆ ಹತ್ತು ವರ್ಷ. ಎರಡನೇ ದಾರಿಯಲ್ಲಿ ನುಡಿಸೋಕೂ ಬರುತ್ತೆ.

ಮರದ ವಿಷಯ ಇನ್ನೊಂದು ತಮಾಷೆ. ಹೊರದೇಶದ ಎಷ್ಟೋ ಗಿಟಾರುಗಳ ಬೆರಳಹಲಗೆ "ಇಂಡಿಯನ್ ರೋಸ್‌ವುಡ್", ಅಂದರೆ ನಮ್ಮ ಬೀಟೆ. ಕೊಡಗು, ಮಲೆನಾಡಿನ ಕಾಡಿನಲ್ಲಿ ಬೆಳೆಯೋ ಮರ. ಬ್ರೆಜಿಲ್ಲಿನ ರೋಸ್‌ವುಡ್ ಸಿಗೋದು ಕಷ್ಟವಾದ ಮೇಲೆ, 1960ರ ದಶಕದ ಕೊನೆಯಿಂದ ಗಿಟಾರ್ ಲೋಕ ನಮ್ಮ ಬೀಟೆಗೆ ತಿರುಗಿತು. 2017ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದ ಈ ಜಾತಿಯ ಮರಗಳೆಲ್ಲವನ್ನೂ ನಿಯಂತ್ರಣದ ಪಟ್ಟಿಗೆ ಸೇರಿಸಿತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಮೈಸೂರು ಕಡೆ ಮೇಜು, ಬಾಗಿಲುಗಳಿಗೆ ದಂತದ ಕುಸುರಿ ಕೂರಿಸುತ್ತಿದ್ದ ಮರ ಸಮುದ್ರ ದಾಟಿ, ಮುದುಕನ ವೇಷ ಹಾಕಿ, ಸುಂಕ ಕಟ್ಟಿಸಿಕೊಂಡು ಗವಿಪುರಂಗೆ ವಾಪಸ್ ಬರುತ್ತೆ. ನಾವು ಅದನ್ನು "ಅಮೆರಿಕದ್ದು" ಅಂತ ಬರಮಾಡಿಕೊಳ್ತೇವೆ.

ಆಂಪ್ಲಿಫೈಯರಿಗೆ ಬನ್ನಿ. ಹುಡುಗ ಗಿಟಾರಿನ ಜೊತೆಗೆ 22 ವಾಟ್‌ನ ವಾಲ್ವ್ ಆಂಪ್ಲಿಫೈಯರನ್ನೂ ತಂದಿದ್ದ. ಅರವತ್ತರ ದಶಕದ ವಿನ್ಯಾಸ. ವಾಲ್ವಿನ ಸದ್ದು ಬೇರೆ ಅನ್ನೋದು ಭ್ರಮೆ ಅಲ್ಲ, ಅದಕ್ಕೆ ಕಾರಣ ಇದೆ. ವಾಲ್ವನ್ನು ಅದರ ಶಕ್ತಿಯ ಅಂಚಿಗೆ ತಳ್ಳಿದಾಗ ಅದು ಅಲೆಯ ತುದಿಯನ್ನು ಒಮ್ಮೆಲೇ ಕತ್ತರಿಸದೆ, ನಿಧಾನಕ್ಕೆ ದುಂಡಗೆ ಮಾಡುತ್ತೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಕರಕರ. ಬೆರಳಿನ ಒತ್ತಡಕ್ಕೆ ಯಂತ್ರ ಉತ್ತರ ಕೊಡುತ್ತೆ. ಅದಕ್ಕೇ ಜನ ಸೋಲೋದು.

ಆದರೆ ಅದೆಲ್ಲ ಆಗೋದು ಅಂಚಿಗೆ ತಳ್ಳಿದಾಗ. ಗವಿಪುರಂನ ಹತ್ತಡಿ ಕೋಣೆ, ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆ, ಕೆಳಗೆ ಬಿ.ಪಿ. ಇರೋ ಓನರ್ ಆಂಟಿ. ಇಲ್ಲಿ 22 ವಾಟ್‌ನ ವಾಲ್ವನ್ನು ಅಂಚಿಗೆ ತಳ್ಳೋದು ಹೇಗೆ? ವಾಲ್ಯೂಮ್ ಎರಡರಲ್ಲೇ ಇರುತ್ತೆ. ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಗವಿ ಗಂಗಾಧರೇಶ್ವರನ ಮೇಲೆ ಬಿಸಿಲು ಬೀಳೋ ಹಾಗೆ, ಎಲ್ಲರೂ ಊರಿಗೆ ಹೋದ ಒಂದು ದಿನ ಅದು ನಾಲ್ಕಕ್ಕೆ ತಲುಪುತ್ತೆ. ಉಳಿದ ದಿನವೆಲ್ಲ ಕರಕರ ಬರಿಸೋಕೆ ಮುಂದೆ ಒಂದು ಪೆಡಲ್ ಇಡ್ತಾರೆ. ಅದಕ್ಕೆ ಲಕ್ಷ ಯಾಕೆ ಬೇಕಿತ್ತು? ಕೋಣೆಗೆ ವಾಲ್ವೇ ಬೇಕು ಅಂದರೆ ಐದು ವಾಟ್ ಸಾಕು, ಅದೂ ಜಾಸ್ತಿಯೇ. ಫೆಂಡರ್‌ನ ಹಳೇ ಚಾಂಪ್ ಅಷ್ಟೇ ಇದ್ದದ್ದು, ಔಟ್‌ಪುಟ್ಟಿಗೆ ಒಂದೇ ವಾಲ್ವ್.

ವಾಲ್ವ್ ಅಂದ ಮೇಲೆ ಒಂದು ಮಾತು ಹೇಳಲೇಬೇಕು. ಬೀಟಲ್ಸ್ ನುಡಿಸಿದ ವಾಕ್ಸ್ ಎಸಿ30 ಆಂಪ್ಲಿಫೈಯರಿನ ಹೃದಯ ನಾಲ್ಕು ಇಎಲ್84 ವಾಲ್ವುಗಳು. ಅದೇ ನಂಬರಿನ ವಾಲ್ವ್ ಆ ಕಾಲದ ಮನೆ ರೇಡಿಯೋಗಳಲ್ಲೂ ಕೆಲಸ ಮಾಡುತ್ತಿತ್ತು. ಅದನ್ನು ತಯಾರಿಸಿದವರಲ್ಲಿ ಒಬ್ಬರು ಯಾರು ಗೊತ್ತಾ? ನಮ್ಮ ಬಿಇಎಲ್. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವ್ ಮಾಡತೊಡಗಿತು. ಬಿಇಎಲ್ ಮುದ್ರೆಯ ಹಳೇ ವಾಲ್ವುಗಳನ್ನು ಹೊರದೇಶದ ಆಂಪ್ಲಿಫೈಯರ್ ಹುಚ್ಚಿನವರು ಈಗಲೂ ಹುಡುಕಿ ಕೊಳ್ತಾರೆ. ನಾವು? ಅಜ್ಜನ ರೇಡಿಯೋ ಅಟ್ಟದಲ್ಲಿ ಜಿರಳೆಗೆ ಮನೆಯಾಗಿರುತ್ತೆ, ಮನೆ ಒಡೆಯುವ ದಿನ ಗುಜರಿಗೆ ಹೋಗುತ್ತೆ. ಆಮೇಲೆ ಅದೇ ನಂಬರಿನ ವಾಲ್ವನ್ನು ಹೊರಗಿಂದ ತರಿಸ್ತೇವೆ.

ವಸ್ತು ಹೋದರೆ ಹೋಗಲಿ, ಕೈಗಳೂ ಹೋಗುತ್ತಿವೆ. ವಾಲ್ವ್ ಸೆಟ್ಟಿನ ಮುಂದೆ ಕೂತು ಮೀಟರ್ ಹಿಡಿದು ತಪ್ಪು ಹುಡುಕಬಲ್ಲ ರೇಡಿಯೋ ಮೆಕ್ಯಾನಿಕ್ಕುಗಳು ಒಂದು ಕಾಲದಲ್ಲಿ ಚಾಮರಾಜಪೇಟೆಯಲ್ಲೂ ಇದ್ದರು, ಗಾಂಧಿ ಬಜಾರಿನ ಆಚೀಚೆಯೂ ಇದ್ದರು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಮುನ್ನೂರು-ನಾನೂರು ವೋಲ್ಟ್ ಕೂತಿರುತ್ತೆ, ಅದನ್ನು ಮೊದಲು ಖಾಲಿ ಮಾಡಬೇಕು ಅನ್ನೋದು ಅವರಿಗೆ ಉಸಿರಾಟದಷ್ಟು ಸಹಜ. ಗೊತ್ತಿಲ್ಲದವರು ಕೈ ಹಾಕಿದರೆ ಜೀವಕ್ಕೇ ಅಪಾಯ. ಅಮೆರಿಕದಿಂದ 120 ವೋಲ್ಟಿನ ಪೆಟ್ಟಿಗೆ ತಂದು ನಮ್ಮ 230ಕ್ಕೆ ಸಿಕ್ಕಿಸಿದ ಒಬ್ಬ ಪುಣ್ಯಾತ್ಮನನ್ನು ನಾನೇ ಕಂಡಿದ್ದೇನೆ. ಹೊಗೆಯಂತೂ ಅಪ್ಪಟ ವಿಂಟೇಜ್ ಆಗಿ ಬಂತು. ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ ಸಾವಿರ ರೂಪಾಯಿ ಕೇಳಿದಾಗ ಚೌಕಾಸಿ ಮಾಡಿದ. ಲಕ್ಷ ಕೊಡುವಾಗ ತುಟಿ ಪಿಟಕ್ಕೆನ್ನದವರು ರಿಪೇರಿಯವನ ಮುಂದೆ ಮಾತ್ರ ವ್ಯಾಪಾರಿಗಳಾಗ್ತಾರೆ. ಆ ಕೈಗಳು ಯಾಕೆ ಕಮ್ಮಿಯಾದವು ಅಂತ ಕೇಳೋದಕ್ಕೆ ನಮಗೆ ಯಾವ ಹಕ್ಕಿದೆ?

ಇನ್ನು ನುಡಿಸುವ ವಿಷಯ. ಇಲ್ಲಿಯೇ ನನಗೆ ನಿಜವಾಗಿ ಸಿಟ್ಟು ಬರೋದು.

ಹಳೇ ಫೆಂಡರಿನ ಬೆರಳಹಲಗೆ ಚಪ್ಪಟೆ ಇರಲಿಲ್ಲ, ದುಂಡಗೆ ಬಾಗಿತ್ತು. ಲೆಕ್ಕದಲ್ಲಿ 7.25 ಇಂಚಿನ ತ್ರಿಜ್ಯ. ಕಾರ್ಡ್ ಹಿಡಿಯೋಕೆ ಬಲು ಹಿತ. ಆದರೆ ಅದರ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದರೆ, ಅದರಲ್ಲೂ ಮೇಲಿನ ಫ್ರೆಟ್ಟುಗಳ ಕಡೆ, ತಂತಿ ಆ ದಿಬ್ಬಕ್ಕೆ ತಾಗಿ ಸ್ವರ ಸತ್ತುಹೋಗುತ್ತೆ. ಐವತ್ತರ ದಶಕದಲ್ಲಿ ಇದು ಅಷ್ಟು ತೊಂದರೆ ಕೊಡಲಿಲ್ಲ. ಆಗ ತಂತಿಗಳು ದಪ್ಪ, ಯಾರೂ ಅಷ್ಟೊಂದು ಎಳೆಯುತ್ತಿರಲಿಲ್ಲ. ಎಳೆಯಬೇಕು ಅನಿಸಿದವರು ಬ್ಯಾಂಜೋ ತಂತಿ ಕದ್ದು ಹಾಕಿಕೊಂಡರು. ಅಂದರೆ ಅವರೂ "ಒರಿಜಿನಲ್" ಬಿಟ್ಟರು.

ನಮ್ಮ ಸಂಗೀತದ ಜೀವ ಇರೋದೇ ಈ ಎಳೆತದಲ್ಲಿ. ವೀಣೆ ನುಡಿಸುವವರ ಎಡಗೈ ನೋಡಿ. ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದೆಳೆದು ಎರಡು ಮೂರು ಸ್ವರ ತೆಗೀತಾರೆ. ಗಮಕ ಅಂದರೆ ಅದೇ. ಗಿಟಾರಿನವರು "ಬೆಂಡಿಂಗ್" ಅನ್ನೋದು ಇದರ ದಾಯಾದಿ. ಇದನ್ನು ನಮಗಿಂತ ಮೊದಲು ಅರ್ಥ ಮಾಡಿಕೊಂಡವನು ಜಾನ್ ಮೆಕ್‌ಲಾಫ್ಲಿನ್. ಡಾ. ಎಸ್. ರಾಮನಾಥನ್ ಹತ್ತಿರ ವೀಣೆ ಪಾಠಕ್ಕೆ ಕೂತ. 1970ರ ದಶಕದಲ್ಲಿ ಶಕ್ತಿ ತಂಡ ಕಟ್ಟಿದಾಗ ಫ್ರೆಟ್ಟುಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿಸಿದ ಗಿಟಾರು ನುಡಿಸಿದ, ತಂತಿ ಬೆರಳಿಗೆ ಸಲೀಸಾಗಿ ಸಿಗಲಿ ಅಂತ. ನಮ್ಮವರನ್ನೇ ನೋಡಿ. ಯು. ಶ್ರೀನಿವಾಸ್ ಜೋಡಿ ತಂತಿಯ ಮ್ಯಾಂಡೊಲಿನ್ ಬಿಟ್ಟು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು, ಐದನೆಯ ತಂತಿ ಸೇರಿಸಿಕೊಂಡರು. ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೊಫೋನನ್ನು ಕಚೇರಿಗೆ ಒಗ್ಗಿಸಿದರು. ಯಾರೂ ಕಂಪನಿಯ ಕೈಪಿಡಿ ಹಿಡಿದು "1954ರಲ್ಲಿ ಹೀಗಿತ್ತು" ಅಂತ ಕೂರಲಿಲ್ಲ. ವೀಣೆಯ ಮೇಣವನ್ನು ಆಗಾಗ ತೆಗೆದು ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸ್ತಾರೆ. ಅಯ್ಯೋ ಒರಿಜಿನಲ್ ಮೇಣ ಹೋಯ್ತು, ಬೆಲೆ ಬಿದ್ದುಹೋಯ್ತು ಅಂತ ಯಾವ ವೈಣಿಕರಾದರೂ ಅತ್ತದ್ದನ್ನು ಕೇಳಿದ್ದೀರಾ?

ನಮ್ಮ ಹುಡುಗನ ಹೊಸ ಹಳೇ ಗಿಟಾರು 7.25 ಇಂಚಿನದು. ಹದಿನೈದನೇ ಫ್ರೆಟ್ಟಿನಲ್ಲಿ ಎಳೆದರೆ ಸ್ವರ ಸಾಯುತ್ತೆ. "ತಂತಿ ಸ್ವಲ್ಪ ಎತ್ತರಿಸು, ಇಲ್ಲಾ ಮೇಲಿನ ಫ್ರೆಟ್ಟುಗಳ ತಲೆ ಸ್ವಲ್ಪ ಮಟ್ಟ ಮಾಡಿಸು" ಅಂದೆ. "ವಿಂಟೇಜ್ ಸ್ಪೆಕ್ ಅಂಕಲ್, ಮುಟ್ಟಬಾರದು" ಅಂದ. ಮೊಣಕೈ ಕಡೆ ಫ್ಯಾಕ್ಟರಿಯವರು ಉಜ್ಜಬಹುದು, ಸ್ವರಕ್ಕೋಸ್ಕರ ಇವನು ಉಜ್ಜಬಾರದು!

ಮೇಷ್ಟ್ರು ಇದಕ್ಕೆ ಏನು ಮಾಡಿದ್ದರು ಗೊತ್ತಾ? ಆಮದು ಗಿಟಾರು ಕನಸಿನ ಮಾತಾಗಿದ್ದ ಕಾಲದಲ್ಲಿ ಕೊಂಡ ಆ ಕಲ್ಕತ್ತಾ ಗಿಟಾರಿನ ಫ್ರೆಟ್ಟುಗಳನ್ನು ತಾವೇ ಅರ ಹಿಡಿದು ಸಮ ಮಾಡಿದ್ದರು. ಪಿಕಪ್ ಸುಟ್ಟಾಗ ಎಸ್.ಪಿ. ರೋಡಿನಿಂದ ತಾಮ್ರದ ತಂತಿ ತಂದು ಸುತ್ತಿಸಿದ್ದರು. ವಾಲ್ಯೂಮ್ ಗುಂಡಿ ರೇಡಿಯೋದ್ದು. ಸ್ಟೇಜಿನಲ್ಲಿ ಅದಕ್ಕೆ ಸ್ವಂತ ಆಂಪ್ಲಿಫೈಯರ್ ಅಂತ ಇರಲಿಲ್ಲ, ಶಾಮಿಯಾನದವರ ಅಹುಜಾಗೇ ಸಿಕ್ಕಿಸಿ ನುಡಿಸೋದು. ಅದರಲ್ಲೇ ರಾಜನ್-ನಾಗೇಂದ್ರ, ಅದರಲ್ಲೇ ಇಳಯರಾಜ, ಅದರಲ್ಲೇ ಹಂಸಲೇಖ. 1981ರ "ಗೀತಾ" ಚಿತ್ರದ ಹಾಡು ಬಾರಿಸದೆ ಸ್ಟೇಜಿನಿಂದ ಇಳಿಯೋಕೆ ಜನ ಬಿಡುತ್ತಿರಲಿಲ್ಲ. ಗಿಟಾರಿನ ತಲೆಯ ಮೇಲೆ ಪ್ರತಿ ಆಯುಧಪೂಜೆಗೆ ಇಟ್ಟ ಅರಿಶಿನ-ಕುಂಕುಮ ಒಂದರ ಮೇಲೊಂದು ಕೂತು, ಒರೆಸಿದರೂ ಹೋಗದ ಕಂದು ಮಚ್ಚೆಯಾಗಿತ್ತು. ಕ್ಯಾಲಿಫೋರ್ನಿಯಾದ ಯಾವ ಕಸ್ಟಮ್ ಶಾಪಿನವರು ಆ ಮಚ್ಚೆ ಹಾಕಿಕೊಡ್ತಾರೆ ನೋಡೋಣ.

ಅದು ಒಳ್ಳೆ ಗಿಟಾರಾ ಅಂತ ಕೇಳಿದರೆ, ನಿಜ ಹೇಳ್ತೇನೆ, ಸಾಧಾರಣ. ಶ್ರುತಿ ನಿಲ್ಲೋಕೆ ಒದ್ದಾಡೋದು. ಆದರೆ ಅದಕ್ಕೆ ಬೇಕಾಗಿದ್ದದ್ದು ಒಂದು ಜೊತೆ ಒಳ್ಳೆ ಬಿರಡೆ, ಹೊಸ ತಂತಿ, ಗುಂಡಿಗಳ ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್, ಒಂದು ದಿನದ ಕೂಲಿ. ಎಲ್ಲ ಸೇರಿ ಹುಡುಗನ ಗಿಟಾರಿನ ಪೆಟ್ಟಿಗೆಯ ಬೆಲೆಯೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ಬೈದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೇಷ್ಟ್ರ ಗಿಟಾರು ಅಟ್ಟದಲ್ಲಿದೆ ಅಂತ ನನಗೆ ಗೊತ್ತಿತ್ತು. ಎರಡು ವರ್ಷ ಆ ಮನೆ ಮುಂದೆಯೇ ಓಡಾಡಿದ್ದೇನೆ. "ಅದನ್ನು ನನಗೆ ಕೊಡ್ತೀರಾ" ಅಂತ ಕೇಳೋಕೆ ಸಂಕೋಚ. ಸತ್ತವರ ವಸ್ತು ಕೇಳಿದ ಹಾಗಾಗುತ್ತೆ, ಇರಲಿ, ಇನ್ನೊಂದು ದಿನ ಅಂತ. ಗುಜರಿಯವನಿಗೆ ಆ ಸಂಕೋಚ ಇರಲಿಲ್ಲ. ವಿಷಯ ಗೊತ್ತಾಗಿ ಅವನ ಗೋಡೌನಿಗೆ ಓಡಿದೆ. ಮೈ ಸಿಗಲಿಲ್ಲ. ಸ್ಕ್ರೂ ಬಿಚ್ಚಿದ ಕತ್ತು ಮಾತ್ರ ಕಬ್ಬಿಣದ ರಾಶಿ ಪಕ್ಕದಲ್ಲಿ ಬಿದ್ದಿತ್ತು. ಇನ್ನೂರು ರೂಪಾಯಿ ಅಂದ. ಚೌಕಾಸಿ ಮಾಡಲಿಲ್ಲ.

ಹಳೇ ಸದ್ದು ಬೇಕು ಅನ್ನುವವರಿಗೆ ನಾನು ಹೇಳೋದು ಇಷ್ಟೇ. ಆರ್ಡರ್ ಮಾಡುವ ಮೊದಲು ನಿಮ್ಮ ಬೀದಿಯಲ್ಲಿ ಒಂದು ಸಲ ಕೇಳಿ. ಆರ್ಕೆಸ್ಟ್ರಾ, ಚರ್ಚು, ಕಾಲೇಜು ಬ್ಯಾಂಡಿನಲ್ಲಿ ನುಡಿಸಿದ ಒಬ್ಬರಾದರೂ ಇರ್ತಾರೆ, ಒಂದು ಅಟ್ಟವಾದರೂ ಇರುತ್ತೆ. ಸಂಕೋಚ ಬಿಟ್ಟು ಕೇಳಿ. ಸಿಕ್ಕಿದ್ದನ್ನು ರಿಪೇರಿಯವರ ಹತ್ತಿರ ಒಯ್ಯಿರಿ, ಕೇಳಿದಷ್ಟು ಕೊಡಿ, ಪಕ್ಕದಲ್ಲಿ ಕೂತು ನೋಡಿ. ಗಿಟಾರಿನ ವೈರಿಂಗಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಇರೋಲ್ಲ, ಬೆಸುಗೆ ಹಾಕೋದನ್ನು ಅದರಲ್ಲೇ ಕಲಿಯಿರಿ. ಆಂಪ್ಲಿಫೈಯರನ್ನು ಮಾತ್ರ ಬಲ್ಲವರ ಕೈಗೇ ಬಿಡಿ. ಫ್ರೆಟ್ಟು ನಿಮ್ಮ ಎಳೆತಕ್ಕೆ ಅಡ್ಡ ಬಂದರೆ ಉಜ್ಜಿಸಿ.

ಮೇಷ್ಟ್ರ ಗಿಟಾರಿನ ಕತ್ತಿಗೆ ಹೊಂದುವ ಮೈ ಒಂದನ್ನು ಬಡಗಿಯೊಬ್ಬರು ಹಲಸಿನ ಮರದಲ್ಲಿ ಕೆತ್ತಿಕೊಡುತ್ತಿದ್ದಾರೆ, ವೀಣೆಗೆ ಬಳಸೋ ಮರವೇ. ತೂಕ ಜಾಸ್ತಿಯಾಗುತ್ತೆ ಅಂತ ಅವರಿಗೆ ಭಯ, ನನಗೇನೂ ಇಲ್ಲ. ಪಿಕಪ್‌ಗೆ ಬೆಸುಗೆ ಹಾಕೋಕೆ ಎದುರುಮನೆ ಹುಡುಗನನ್ನೇ ಕರೆದಿದ್ದೇನೆ. "ಯಾವ ಇಸವಿಯ ಸ್ಪೆಕ್ ಅಂಕಲ್?" ಅಂತ ಕೇಳಿದ. ಕತ್ತಿನ ತಲೆಯ ಮೇಲಿನ ಕುಂಕುಮದ ಮಚ್ಚೆ ತೋರಿಸಿದೆ.